ಮನೆಗೆ ಯಾವ ಕಿಟಕಿ? ಗವಾಕ್ಷಿಯಿಂದ ಯುಪಿವಿಸಿವರೆಗೆ

ಹೊಸ ಮನೆಯ ಗೋಡೆ ಮೂರಡಿ ಏಳುವಷ್ಟರಲ್ಲಿ ಮನೆ ಕಟ್ಟಿಸುವವರಿಗೆ ಒಂದು ಗೊಂದಲ ಶುರುವಾಗುತ್ತದೆ. ಕಿಟಕಿ ಯಾವುದು ಹಾಕಿಸುವುದು? ಎರಡು ತಲೆಮಾರಿನ ಹಿಂದೆ ಇದು ಪ್ರಶ್ನೆಯೇ ಆಗಿರಲಿಲ್ಲ. ಮೇಸ್ತ್ರಿ ಅಳತೆ ಹೇಳುತ್ತಿದ್ದ, ಬಡಗಿ ಮರ ಕೇಳುತ್ತಿದ್ದ, ಕಮ್ಮಾರ ಸರಳು ಕೊಡುತ್ತಿದ್ದ. ಈಗ ಅಂಗಡಿಗೆ ಹೋದರೆ ತೇಗ, ಮಲೇಷಿಯಾದ ಸಾಲ್, ಉಕ್ಕು, ಅಲ್ಯೂಮಿನಿಯಂ, ಯುಪಿವಿಸಿ ಎಂದು ಐದಾರು ಬಗೆ. ಅವುಗಳ ಮೇಲೆ ಜರ್ಮನಿ, ಬೆಲ್ಜಿಯಂ ಮೂಲದ ಹೆಸರುಗಳು. ಮಾರುವವರು ಒಂಟಿ ಗಾಜೇ, ಜೋಡಿ ಗಾಜೇ, ಬಿಳಿಯದೇ, ಮರದ ಬಣ್ಣದ್ದೇ ಎಂದೆಲ್ಲ ಕೇಳುತ್ತಾರೆ. ನಿಮ್ಮ ಕೋಣೆಗೆ ಗಾಳಿ ಯಾವ ದಿಕ್ಕಿನಿಂದ ಬರುತ್ತದೆ ಎಂದು ಮಾತ್ರ ಕೇಳುವುದು ಅಪರೂಪ.

ಈ ವಸ್ತುಗಳೆಲ್ಲ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಊರಿನ ಹವೆಗೆ ಉತ್ತರವಾಗಿ ಹುಟ್ಟಿದವು. ಯಾವುದು ಯಾವ ಪ್ರಶ್ನೆಗೆ ಉತ್ತರವಾಗಿತ್ತು ಎಂದು ತಿಳಿದರೆ ಆಯ್ಕೆ ಅರ್ಧ ಮುಗಿದಂತೆ. ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ.

ಹೆಸರಿನಲ್ಲೇ ಸ್ವಾರಸ್ಯವಿದೆ. ಸಂಸ್ಕೃತದ ‘ಗವಾಕ್ಷ’ ಎಂದರೆ ಗೋವಿನ ಕಣ್ಣು. ಇಂಗ್ಲಿಷಿನ ‘ವಿಂಡೋ’ ಪದದ ಮೂಲ ಹಳೆಯ ನಾರ್ಸ್ ಭಾಷೆಯ ‘ವಿಂಡಾಗ’, ಅಂದರೆ ಗಾಳಿಯ ಕಣ್ಣು. ಪೋರ್ಚುಗೀಸರ ‘ಜನೇಲಾ’ ಲ್ಯಾಟಿನ್ ಭಾಷೆಯ ಬಾಗಿಲು ಎಂಬ ಪದದಿಂದ ಬಂದ ‘ಪುಟ್ಟ ಬಾಗಿಲು’. ಅದೇ ಪದ ಕರಾವಳಿಯ ಕೊಂಕಣಿಯಲ್ಲಿ ಜನೇಲ್ ಆಗಿ, ತಮಿಳಿನಲ್ಲಿ ಜನ್ನಲ್ ಆಗಿ, ಬಂಗಾಳಿಯಲ್ಲಿ ಜಾನಾಲಾ ಆಗಿ ನೆಲೆಸಿದೆ. ನಮ್ಮ ‘ಕಿಟಕಿ’ಯ ಬಂಧುವಾದ ಉತ್ತರದ ‘ಖಿಡಕಿ’ಗೂ ಸಣ್ಣ ಬಾಗಿಲು ಎಂಬ ಅರ್ಥವುಂಟು. ಕಣ್ಣು, ಬಾಗಿಲು, ಗಾಳಿ ಇವೆಲ್ಲ ಈ ಪದಗಳಲ್ಲಿವೆ; ಗಾಜು ಒಂದರಲ್ಲೂ ಇಲ್ಲ. ನಾವು ಇಂದು ಕಿಟಕಿ ಎಂದೊಡನೆ ಗಾಜನ್ನು ನೆನೆಯುತ್ತೇವಲ್ಲ, ಅದು ಬಹಳ ಈಚಿನ ಅಭ್ಯಾಸ.

ಕರ್ನಾಟಕದಲ್ಲಿ ಇಂದಿಗೂ ಕಣ್ಣಿಗೆ ಕಾಣುವ ಹಳೆಯ ಕಿಟಕಿಗಳು ಕಲ್ಲಿನವು. ಐಹೊಳೆಯ ಲಾಡ್‌ಖಾನ್ ಗುಡಿಯ ಗೋಡೆಗಳಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ಕೊರೆದ ಜಾಲಂಧ್ರಗಳಿವೆ. ಹೊರಗೆ ಸುಡುಬಿಸಿಲು ಇದ್ದರೂ ಒಳಗೆ ಬೆಳಕು ತುಂಡು ತುಂಡಾಗಿ, ತಂಪಾಗಿ ಬೀಳುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಯಾದಾಗ ಅದರ ನವರಂಗ ತೆರೆದ ಮಂಟಪವಾಗಿತ್ತು. ಮುಂದೆ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಜಾಲಂಧ್ರದ ಗೋಡೆ ಎದ್ದಿತು. ಮಂಟಪವನ್ನು ಮುಚ್ಚಬೇಕು, ಗಾಳಿ ನಿಲ್ಲಬಾರದು ಎಂಬ ಎರಡು ಬೇಡಿಕೆಗೂ ಒಂದೇ ಕಲ್ಲು ಉತ್ತರ ಕೊಟ್ಟಿತು. ಹದಿನೇಳನೆಯ ಶತಮಾನದ ಆರಂಭದಲ್ಲಿ ವಿಜಾಪುರದ ಇಬ್ರಾಹಿಂ ರೋಜಾದಲ್ಲಿ ಇದೇ ವಿದ್ಯೆ ಇನ್ನೊಂದು ರೂಪ ತಾಳಿತು. ಅಲ್ಲಿನ ಕಲ್ಲಿನ ಕಿಟಕಿಗಳಲ್ಲಿ ಅರಬ್ಬೀ ಅಕ್ಷರಗಳೇ ಜಾಲರಿ. ಓದಿನ ಸಂದುಗಳಲ್ಲಿ ಬೆಳಕು ಹರಿಯುತ್ತದೆ.

ಇದು ದೇವಾಲಯ, ಗೋರಿಗಳ ಮಾತು. ಸಾಮಾನ್ಯರ ಮನೆಯ ಕಿಟಕಿ ಬಹುಕಾಲ ಒಂದು ಕಿಂಡಿಯಷ್ಟೇ ಆಗಿತ್ತು. ಬಯಲುಸೀಮೆಯ ದಪ್ಪ ಮಣ್ಣಿನ ಗೋಡೆಗೆ ಎತ್ತರದಲ್ಲೊಂದು ಬೆಳಕಿಂಡಿ, ಮನೆಯೊಳಗೆ ಕತ್ತಲು. ಕಳ್ಳರ ಭಯ, ಬಿಸಿಲಿನ ಭಯ ಎರಡಕ್ಕೂ ಅದು ಸರಿಹೋಗಿತ್ತು. ಸ್ಥಿತಿವಂತರ ತೊಟ್ಟಿಮನೆಯಲ್ಲಿ ಬೀದಿಯ ಕಡೆ ಕಿಟಕಿ ಕಡಿಮೆ. ಗಾಳಿ, ಬೆಳಕು, ಮಳೆ ಮೂರೂ ನಡುವಿನ ತೊಟ್ಟಿಯಿಂದಲೇ ಬರಬೇಕು. ಇದ್ದ ಕಿಟಕಿಗೆ ಮರದ ಸರಳು, ಮರದ ಕದ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಹೆಂಚು ಮನೆಮನೆಗೆ ಬಂತು. ಅದರ ಬೆನ್ನಿಗೆ ಗಾಜಿನ ಹೆಂಚೂ ಬಂತು. ಅಡುಗೆಮನೆಯ ಹೊಗೆಯ ನಡುವೆ ಒಂದು ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲಿನ ಕೋಲನ್ನು ಮಲೆನಾಡು, ಕರಾವಳಿಯವರು ಯಾರೂ ಮರೆತಿರಲಾರರು. ಎಷ್ಟೋ ಮನೆಗಳಿಗೆ ಗಾಜು ಮೊದಲು ಬಂದದ್ದು ಗೋಡೆಯಿಂದಲ್ಲ, ಮಾಡಿನಿಂದ!

ಕಿಟಕಿ ದೊಡ್ಡದಾಗಲು ಒಂದು ಸಾವಿನ ಕಾಲ ಬರಬೇಕಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ, ಗಾಳಿಯಾಡದ ಮನೆಗಳೇ ರೋಗದ ತವರು ಎಂದು ಆಡಳಿತಗಾರರೂ ವೈದ್ಯರೂ ನಂಬಿದ್ದರು. ರೋಗ ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಫ್ರೆಂಚ್ ವಿಜ್ಞಾನಿ ಪಾಲ್ ಲೂಯಿ ಸೈಮಂಡ್ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ 1898ರಲ್ಲಿ. ಆದರೆ ಆ ಮಾತನ್ನು ಲೋಕ ಒಪ್ಪಲು ವರ್ಷಗಳು ಹಿಡಿದವು. ಅಷ್ಟರಲ್ಲಿ, 1890ರ ದಶಕದ ಆರಂಭದಲ್ಲೇ ಯೋಜನೆಗೊಂಡಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಿಗೆ ಜನ ಹೋಗತೊಡಗಿದರು. ಅಗಲ ರಸ್ತೆ, ಮನೆಯ ಸುತ್ತ ಜಾಗ, ನಾಲ್ಕೂ ಕಡೆ ಕಿಟಕಿ. ತೊಟ್ಟಿಯ ಕಡೆ ಮುಖ ಮಾಡಿದ್ದ ಮನೆ ಹೊರಗೆ ತಿರುಗಿತು. ಪ್ಲೇಗಿನ ಕಾರಣವನ್ನು ಊಹಿಸಿದ್ದು ತಪ್ಪಾದರೂ ಔಷಧ ಬೇರೆ ರೋಗಗಳಿಗೆ ಹತ್ತಿತು ಎನ್ನಬೇಕು. ಕ್ಷಯ ಹರಡುವುದು ಗಾಳಿಯಾಡದ ಕೋಣೆಯಲ್ಲೇ. 2020ರ ಕೋವಿಡ್ ಕಾಲದಲ್ಲಿ ವೈದ್ಯರು ಕಿಟಕಿ ತೆರೆದಿಡಿ ಎಂದು ಮತ್ತೆ ಹೇಳಬೇಕಾಗಿ ಬಂದಾಗ, ತೆರೆಯಲು ಬಾರದ ಗಾಜಿನ ಕಟ್ಟಡಗಳಲ್ಲಿ ಕೂತವರಿಗೆ ಆ ಸಲಹೆ ಉಪಯೋಗವಾಗಲಿಲ್ಲ.

ಹೊಸ ಬಡಾವಣೆಗಳ ಮನೆಗಳಲ್ಲಿ ಬಂದ ಕಿಟಕಿಯನ್ನು ಸ್ವಲ್ಪ ನಿಂತು ನೋಡಬೇಕು. ತೇಗ ಅಥವಾ ಹೊನ್ನೆಯ ಚೌಕಟ್ಟು. ಅದರಲ್ಲಿ ಅಡ್ಡಕ್ಕೋ ಉದ್ದಕ್ಕೋ ಕಬ್ಬಿಣದ ಸರಳು. ಕದ ಎರಡಲ್ಲ, ನಾಲ್ಕು: ಕೆಳಗೆ ಎರಡು, ಮೇಲೆ ಎರಡು. ಬೀದಿಯವರ ಕಣ್ಣು ಬೇಡವೆಂದರೆ ಕೆಳಗಿನ ಜೋಡಿ ಮುಚ್ಚಿ ಮೇಲಿನದನ್ನು ತೆರೆಯಬಹುದು. ಬೆಳಕೂ ಬಂತು, ಮರ್ಯಾದೆಯೂ ಉಳಿಯಿತು. ಮಗು ಸರಳು ಹಿಡಿದು ಬೀದಿ ನೋಡಬೇಕೆಂದರೆ ಕೆಳಗಿನದನ್ನು ತೆರೆದರಾಯಿತು. ಗೋಡೆಯ ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ಒಂದು ವೆಂಟಿಲೇಟರ್. ಬೆಂಗಳೂರಿನ ಬಂಗಲೆಗಳಲ್ಲಿ ಇದರ ಮೇಲೊಂದು ಮರದ ಪಟ್ಟಿಗಳ ಚೂಪು ಟೋಪಿ. ‘ಮಂಕಿ ಟಾಪ್’ ಎಂದು ಊರಿನವರು ಕರೆದದ್ದು ಅದನ್ನೇ. ಕದ ತೆರೆದಿದ್ದರೂ ಎರಚಲು ಒಳಬಾರದಂತೆ, ಬಿಸಿಲು ನೇರ ಬೀಳದಂತೆ ಅದು ತಡೆಯುತ್ತಿತ್ತು. ಗಾಳಿ, ಬೆಳಕು, ನೋಟ, ನೆರಳು, ಭದ್ರತೆ ಈ ಐದನ್ನೂ ಬೇರೆ ಬೇರೆಯಾಗಿ ಹತೋಟಿಯಲ್ಲಿಡುವ ಸಾಧನ ಇದು. ನನ್ನ ಮಟ್ಟಿಗೆ, ನಮ್ಮ ಹವೆಗೆ ಇದಕ್ಕಿಂತ ಒಳ್ಳೆಯ ಕಿಟಕಿ ಇನ್ನೂ ಬಂದಿಲ್ಲ. ಸೊಳ್ಳೆಯ ಜಾಲರಿ ಒಂದಿರಲಿಲ್ಲ ಎಂಬುದೇ ಅದರ ಕೊರತೆ.

ಗಾಜಿನ ಕಥೆ ನಡೆದದ್ದು ಚಳಿಯ ದೇಶಗಳಲ್ಲಿ. ಗಾಳಿ ಬೇಡ, ಬೆಳಕು ಬೇಕು ಎನ್ನುವವರಿಗೆ ಅದು ಸಂಜೀವಿನಿ. ಆದರೆ ದುಬಾರಿ. ಇಂಗ್ಲೆಂಡಿನಲ್ಲಿ 1696ರಿಂದ ಕಿಟಕಿಗಳ ಲೆಕ್ಕದ ಮೇಲೆ ಮನೆ ತೆರಿಗೆ ಹಾಕುತ್ತಿದ್ದರು. ತೆರಿಗೆ ತಪ್ಪಿಸಲು ಜನ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಕತ್ತಲಲ್ಲಿ ಬದುಕಿದರು. ಆ ತೆರಿಗೆ ರದ್ದಾದದ್ದು 1851ರಲ್ಲಿ. ಅದೇ ವರ್ಷ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ನನ ಗಾಜಿನ ಅರಮನೆ, ಕ್ರಿಸ್ಟಲ್ ಪ್ಯಾಲೇಸ್, ತೆರೆಯಿತು. ಅದರ ನೆನಪಿನಲ್ಲಿ ಮೂಡಿದ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲಿಟ್ಟ. ಇನ್ನು ಅಲೆಯಿಲ್ಲದ, ದೊಡ್ಡ, ಅಗ್ಗದ ಗಾಜು ಬಂದದ್ದು ಕರಗಿದ ತವರದ ಮೇಲೆ ಗಾಜನ್ನು ತೇಲಿಸುವ ವಿಧಾನದಿಂದ. ಪಿಲ್ಕಿಂಗ್‌ಟನ್ ಕಂಪನಿ ಅದನ್ನು ಲೋಕಕ್ಕೆ ಸಾರಿದ್ದು 1959ರಲ್ಲಿ. ಇಂದು ಅಂಗಡಿಯಲ್ಲಿ ಕಾಣುವ ಗಾಜೆಲ್ಲ ಹೆಚ್ಚುಕಡಿಮೆ ಆ ವಿಧಾನದ್ದೇ.

ನಮ್ಮಲ್ಲಿ ಮರದ ಕಿಟಕಿಗೆ ಪೆಟ್ಟು ಬಿದ್ದದ್ದು ಗಾಜಿನಿಂದ ಅಲ್ಲ, ಕಾಡು ಕರಗಿದ್ದರಿಂದ. ದಾಂಡೇಲಿಯ ಡಿಪೋದಿಂದ ತೇಗ ತರುವುದು ಮಧ್ಯಮ ವರ್ಗದವರ ಕೈಗೂ ಎಟುಕುತ್ತಿದ್ದ ಕಾಲ ಒಂದಿತ್ತು. ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಬಂತು. ತನ್ನ ಹಿತ್ತಿಲ ಮರಕ್ಕೂ ಅನುಮತಿ ಬೇಕಾಯಿತು. 1988ರ ರಾಷ್ಟ್ರೀಯ ಅರಣ್ಯ ನೀತಿ ಮರಕ್ಕೆ ಬದಲಿ ವಸ್ತು ಹುಡುಕಿ ಎಂದಿತು. 1993ರಲ್ಲಿ ಕೇಂದ್ರ ಲೋಕೋಪಯೋಗಿ ಇಲಾಖೆ ತನ್ನ ಕಟ್ಟಡಗಳಲ್ಲಿ ಮರದ ಬಳಕೆಯನ್ನೇ ನಿಲ್ಲಿಸಿತು; ಆ ನಿಷೇಧ ತೆರವಾದದ್ದು 2020ರಲ್ಲಿ. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದ ಸುಪ್ರೀಂ ಕೋರ್ಟ್ ಆದೇಶ ದೇಶದಾದ್ಯಂತ ಅರಣ್ಯ ಕಡಿತಕ್ಕೆ ಬಿಗಿ ಹಾಕಿತು. ಕಾಡಿನ ದೃಷ್ಟಿಯಿಂದ ಇವೆಲ್ಲ ಆಗಲೇಬೇಕಿದ್ದ ಕೆಲಸಗಳು. ಬಡಗಿಯ ದೃಷ್ಟಿಯಿಂದ ಒಂದು ವಿದ್ಯೆ ಮೂಲೆ ಸೇರಿತು.

ಆ ಜಾಗಕ್ಕೆ ಮೊದಲು ನುಗ್ಗಿದ್ದು ಉಕ್ಕು. ಇಂಗ್ಲೆಂಡಿನ ಬ್ರೇನ್‌ಟ್ರೀ ಎಂಬ ಊರಿನಲ್ಲಿ ಫ್ರಾನ್ಸಿಸ್ ಕ್ರಿಟಾಲ್ ಎಂಬಾತ 1884ರಲ್ಲಿ ಲೋಹದ ಕಿಟಕಿ ಮಾಡತೊಡಗಿದ. ಅದರ ವಂಶದವೇ ನಮ್ಮ ಸರ್ಕಾರಿ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆಗಳ ಬೂದು ಬಣ್ಣದ ಕಿಟಕಿಗಳು. ತೆಳು ಚೌಕಟ್ಟು, ಪುಟ್ಟಿ ಮೆತ್ತಿದ ಗಾಜು, ಹಿತ್ತಾಳೆಯದೋ ಕಬ್ಬಿಣದ್ದೋ ಹಿಡಿ. ಭದ್ರ, ಅಗ್ಗ, ಬೆಳಕೂ ಧಾರಾಳ. ಆದರೆ ಮೂರು ನಾಲ್ಕು ವರ್ಷಕ್ಕೊಮ್ಮೆ ಬಣ್ಣ ಬಳಿಯದಿದ್ದರೆ ತುಕ್ಕು. ಕಡಲ ಬದಿಯಲ್ಲಂತೂ ಬಣ್ಣ ಬಳಿದರೂ ತುಕ್ಕು.

ಬಳಿಕ ಅಲ್ಯೂಮಿನಿಯಂ. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬಿಬ್ಬರು ಪರಸ್ಪರ ಗೊತ್ತಿಲ್ಲದೆ ವಿದ್ಯುತ್ತಿನಿಂದ ಈ ಲೋಹವನ್ನು ಬೇರ್ಪಡಿಸುವ ದಾರಿ ಕಂಡರು. ಇಂದಿಗೂ ಒಂದು ಕಿಲೋ ಅಲ್ಯೂಮಿನಿಯಂ ಹೊಸದಾಗಿ ತಯಾರಿಸಲು ಸುಮಾರು 14 ಯೂನಿಟ್ ವಿದ್ಯುತ್ ಬೇಕು. ನಮ್ಮ ಬೆಳಗಾವಿಯಲ್ಲಿ ಅರವತ್ತರ ದಶಕದ ಕೊನೆಗೆ ಈ ಲೋಹದ ಕಾರ್ಖಾನೆ ಎದ್ದಿತು. ಅಲ್ಲಿ ಲೋಹ ಕರಗಿಸುವ ಕೆಲಸ ಮುಂದೆ ನಿಂತು ಅಲ್ಯೂಮಿನಾ ತಯಾರಿಕೆ ಮಾತ್ರ ಉಳಿದುಕೊಂಡಿತು. ಅಲ್ಯೂಮಿನಿಯಂ ತುಕ್ಕು ಹಿಡಿಯದು, ಗೆದ್ದಲು ಮುಟ್ಟದು, ಹಗುರ. ಅದು ತನ್ನೊಡನೆ ತಂದ ದೊಡ್ಡ ಬದಲಾವಣೆ ಎಂದರೆ ಜಾರುವ ಕಿಟಕಿ. ಕದ ತೆರೆಯಲು ಜಾಗ ಬೇಡ, ಗಾಳಿಗೆ ಬಡಿದುಕೊಳ್ಳುವುದಿಲ್ಲ, ಹೊರಗೆ ಗ್ರಿಲ್ ಹಾಕಲು ಅಡ್ಡಿಯಿಲ್ಲ. ಮೂವತ್ತು ನಲವತ್ತು ಅಡಿ ಅಗಲದ ನಿವೇಶನಗಳ ಪಟ್ಟಣಕ್ಕೆ ಹೇಳಿ ಮಾಡಿಸಿದಂತಿತ್ತು.

ಕೊನೆಗೆ ಬಂದದ್ದು ಬಿಳಿಯ ಯುಪಿವಿಸಿ. ಪಿವಿಸಿ ಎಂಬ ಪ್ಲಾಸ್ಟಿಕ್ಕನ್ನು 1872ರಲ್ಲೇ ಜರ್ಮನಿಯ ಓಯ್ಗನ್ ಬೌಮನ್ ಕಂಡಿದ್ದ. ಅದನ್ನು ಮೆದುಗೊಳಿಸುವ ದ್ರವ್ಯ ಸೇರಿಸದೆ ಗಟ್ಟಿಯಾಗಿಯೇ ಉಳಿಸಿದ ರೂಪ ಯುಪಿವಿಸಿ. ಅದರಿಂದ ಕಿಟಕಿ ಮಾಡಿ ಮಾರಾಟಕ್ಕಿಟ್ಟದ್ದು ಅದೇ ದೇಶದ ಟ್ರೊಯಿಸ್‌ಡಾರ್ಫ್ ಪಟ್ಟಣದ ಕಂಪನಿ, 1950ರ ದಶಕದ ನಡುವೆ, ಟ್ರೊಕಾಲ್ ಎಂಬ ಹೆಸರಿನಲ್ಲಿ. ಅದು ಮನೆಮನೆಗೆ ಹಬ್ಬಿದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಮನೆ ಬೆಚ್ಚಗಿಡುವ ಎಣ್ಣೆಯ ಬೆಲೆ ಏಕಾಏಕಿ ಏರಿದಾಗ, ಒಳಗಿನ ಬಿಸಿ ಹೊರಗೆ ಸೋರದ ಚೌಕಟ್ಟು, ಜೋಡಿ ಗಾಜು, ಸುತ್ತ ರಬ್ಬರ್ ಬಿಗಿ ಇವೆಲ್ಲ ಜರ್ಮನರಿಗೆ ಜೀವನ ಪ್ರಶ್ನೆಯಾದವು. ಈ ಶತಮಾನದ ಆರಂಭದಲ್ಲಿ ಅದೇ ಕಿಟಕಿ ಭಾರತದ ಪೇಟೆಗೆ ಕಾಲಿಟ್ಟಿತು. ವೆಕಾ, ಕೊಮ್ಮರ್ಲಿಂಗ್, ರೆಹಾವ್ ಜರ್ಮನಿಯವು, ಡೆಸೂನಿಂಕ್ ಬೆಲ್ಜಿಯಂನದು, ಫೆನೆಸ್ಟಾ ಡಿಸಿಎಂ ಶ್ರೀರಾಮ್ ಸಮೂಹದ ದೇಶಿ ಹೆಸರು, ಲ್ಯಾಟಿನ್ನಿನ ‘ಫೆನೆಸ್ಟ್ರಾ’ವನ್ನು ನೆನಪಿಸುವಂಥದ್ದು.

ಇಲ್ಲೇ ಬ್ರಾಂಡಿನ ಮಾತು ಬರುತ್ತದೆ. ಕೊಳ್ಳುವವರು ಒಂದು ಹೆಸರನ್ನು ಕೊಳ್ಳುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಆದರೆ ಬಹುತೇಕ ಕಡೆ ಆ ಹೆಸರು ಉದ್ದನೆಯ ಪ್ಲಾಸ್ಟಿಕ್ ಅಥವಾ ಲೋಹದ ಪಟ್ಟಿಯದು ಮಾತ್ರ. ಗಾಜು ಇನ್ನೊಬ್ಬರದು. ಕೀಲು, ಹಿಡಿ, ಚಿಲಕ ಮತ್ತೊಬ್ಬರದು. ಇವನ್ನು ಕತ್ತರಿಸಿ, ಬೆಸೆದು, ನಿಮ್ಮ ಗೋಡೆಗೆ ಕೂರಿಸುವವರು ನಿಮ್ಮೂರಿನ ಕೈಗಾರಿಕಾ ವಸಾಹತುವಿನ ತಯಾರಕರು. ಕಾರ್ಖಾನೆಯಿಂದ ಮನೆಯವರೆಗೂ ತಾವೇ ನೋಡಿಕೊಳ್ಳುವ ಕಂಪನಿಗಳಿವೆ, ಆದರೆ ಎಲ್ಲವೂ ಹಾಗಲ್ಲ. ಮಳೆನೀರು ಒಳಗೆ ಸೋರುವುದು ಸಾಮಾನ್ಯವಾಗಿ ಪಟ್ಟಿಯಲ್ಲಿ ಅಲ್ಲ, ಚೌಕಟ್ಟಿಗೂ ಗೋಡೆಗೂ ನಡುವಿನ ಸಂದಿನಲ್ಲಿ. ಹಿಂದೆ ಬಡಗಿಯ ಹೆಸರು ಕೇಳಿ ಕೆಲಸ ಕೊಡುತ್ತಿದ್ದೆವು. ಇಂದೂ ಕೇಳಬೇಕಾದ್ದು ಕೂರಿಸುವವರ ಹೆಸರನ್ನೇ; ಅವರು ಐದು ವರ್ಷದ ಹಿಂದೆ ಕೂರಿಸಿದ ಕಿಟಕಿಯನ್ನು ಹೋಗಿ ತೆರೆದು ಮುಚ್ಚಿ ನೋಡುವುದು ಕ್ಯಾಟಲಾಗು ಓದುವುದಕ್ಕಿಂತ ಲಾಭ. ಯುಪಿವಿಸಿಯಾದರೆ ಹೊರಮೈಯ ದಪ್ಪ ಎಷ್ಟೆಂದು ಕೇಳಿ. ಯುರೋಪಿನ ಮಾನದಂಡದಲ್ಲಿ 2.8 ಮಿಲಿಮೀಟರ್ ಇದ್ದರೆ ‘ಎ’ ವರ್ಗ, 2.5 ಇದ್ದರೆ ‘ಬಿ’ ವರ್ಗ. ಒಳಗೆ ಸತು ಲೇಪಿಸಿದ ಉಕ್ಕಿನ ಬಲ ಇದೆಯೇ ಎಂದೂ ಕೇಳಿ, ಏಕೆಂದರೆ ಪಿವಿಸಿ ಬಿಸಿಲಿಗೆ ಅಲ್ಯೂಮಿನಿಯಂನ ಮೂರು ಪಟ್ಟು ಹಿಗ್ಗುತ್ತದೆ. ಎರಡು ಮೀಟರ್ ಉದ್ದದ ಪಟ್ಟಿ 30 ಡಿಗ್ರಿ ಏರಿಳಿತಕ್ಕೆ ಸುಮಾರು ನಾಲ್ಕು ಮಿಲಿಮೀಟರ್ ಬದಲಾಗುತ್ತದೆ. ಕಡು ಬಣ್ಣದ್ದಾದರೆ ಬಿಸಿಯೂ ಹೆಚ್ಚು, ಹಿಗ್ಗೂ ಹೆಚ್ಚು.

ಅಲ್ಯೂಮಿನಿಯಂ ಬಿಸಿಯನ್ನು ಮರಕ್ಕಿಂತ, ಪಿವಿಸಿಗಿಂತ ಸಾವಿರ ಪಟ್ಟು ಬೇಗ ಸಾಗಿಸುತ್ತದೆ ಎಂದು ಮಾರಾಟದವರು ಹೇಳುವುದು ಸುಳ್ಳಲ್ಲ. ಆದರೆ ಹೊರಗೆ ಹಿಮ, ಒಳಗೆ ಬೆಂಕಿ ಇರುವ ಊರಿನಲ್ಲಿ ಅದಕ್ಕಿರುವ ಬೆಲೆ, ಹಗಲೆಲ್ಲ ಕಿಟಕಿ ತೆರೆದಿಡುವ ಊರಿನಲ್ಲಿ ಇಲ್ಲ. ನಮ್ಮ ಮನೆ ಕಾಯುವುದು ಗಾಜಿನ ಮೂಲಕ ನೇರ ಬೀಳುವ ಬಿಸಿಲಿನಿಂದ. ಸಾಧಾರಣ ತಿಳಿ ಗಾಜು ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಶೇಕಡಾ 80ರಷ್ಟನ್ನು ಒಳಗೆ ಬಿಡುತ್ತದೆ; ಚೌಕಟ್ಟು ಯಾವುದಾದರೂ ಅಷ್ಟೆ. ಅದಕ್ಕೆ ಮದ್ದು ನೆರಳು. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದ ಬರ್ಲಿನ್ ಮೂಲದ ಓಟೊ ಕೋನಿಗ್ಸ್‌ಬರ್ಗರ್, ಟಾಟಾ ವಿಜ್ಞಾನ ಸಂಸ್ಥೆಯ ಕಟ್ಟಡಗಳಲ್ಲಿ ನೆರಳು ಮತ್ತು ಗಾಳಿಗೇ ಮೊದಲ ಸ್ಥಾನ ಕೊಟ್ಟರು. ಮುಂದೆ ಉಷ್ಣವಲಯದ ಮನೆಗಳ ಕುರಿತು ಅವರು ಜೊತೆಗೂಡಿ ಬರೆದ ಗ್ರಂಥ ಜಗತ್ತಿನ ವಿದ್ಯಾರ್ಥಿಗಳಿಗೆ ಪಠ್ಯವಾಯಿತು. ದಕ್ಷಿಣದ ಕಿಟಕಿಗೆ ಎರಡಡಿಯ ಸಜ್ಜಾ ಬಹುಮಟ್ಟಿಗೆ ಸಾಕು. ಪಶ್ಚಿಮದ ಬಿಸಿಲು ಅಡ್ಡಲಾಗಿ ಬರುವುದರಿಂದ ಸಜ್ಜಾ ಸಾಲದು. ಅಲ್ಲಿ ಕಿಟಕಿ ಚಿಕ್ಕದಿರಲಿ, ಮರವೋ ಜಾಲರಿಯೋ ಇರಲಿ. ಈಗಿನ ಮನೆಗಳ ಮುಖ ಚೆಂದವಾಗಲೆಂದು ಸಜ್ಜಾವನ್ನೇ ಕೈಬಿಟ್ಟು, ಆಮೇಲೆ ದುಬಾರಿ ಗಾಜು, ಪರದೆ, ಏಸಿಗಳಿಂದ ಅದರ ದಂಡ ತೆರುವುದನ್ನು ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು.

ಇನ್ನು ಗಾಳಿ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ಹೊರತಂದ ಇಕೊ ನಿವಾಸ್ ಸಂಹಿತೆಯಲ್ಲಿ ಒಂದು ಉಪಯುಕ್ತ ಲೆಕ್ಕವಿದೆ. ಬೆಂಗಳೂರಿನಂಥ ಹಿತ ಹವೆಯಲ್ಲಿ ಮನೆಯ ಕಾರ್ಪೆಟ್ ವಿಸ್ತೀರ್ಣದ ಎಂಟನೇ ಒಂದು ಭಾಗದಷ್ಟು ಹೊರಕ್ಕೆ ತೆರೆಯುವ ಜಾಗವಿರಬೇಕು. ಮಂಗಳೂರಿನಂಥ ಸೆಕೆಯ ಕಡೆ ಆರನೇ ಒಂದು. ಗಮನಿಸಿ, ಲೆಕ್ಕಕ್ಕೆ ಬರುವುದು ಗಾಜಿನ ಅಳತೆಯಲ್ಲ, ತೆರೆಯುವ ಜಾಗ. ಸಾವಿರ ಚದರಡಿಯ ಬೆಂಗಳೂರು ಮನೆಗೆ ಬಾಲ್ಕನಿ ಬಾಗಿಲು, ವೆಂಟಿಲೇಟರ್ ಎಲ್ಲ ಸೇರಿ 125 ಚದರಡಿ ಬೇಕಾಯಿತು. ಕೀಲಿನ ಮೇಲೆ ಪೂರ್ತಿ ತೆರೆಯುವ ಕದವಾದರೆ ಅದರ ಶೇಕಡಾ 90ರಷ್ಟು ತೆರೆಯುತ್ತದೆ. ಎಲ್ಲ ಸೇರಿ 140 ಚದರಡಿ ಸಾಕು. ಎರಡು ಕದದ ಜಾರುವ ಕಿಟಕಿ ಎಷ್ಟೇ ತಳ್ಳಿದರೂ ತೆರೆಯುವುದು ಅರ್ಧ. ಆಗ 250 ಚದರಡಿ ಬೇಕು! ಅಷ್ಟು ಕಿಟಕಿ ಯಾರೂ ಇಡಿಸುವುದಿಲ್ಲ. ಹೀಗಾಗಿ ದೊಡ್ಡ ಗಾಜು ಇದ್ದೂ ಕೋಣೆ ಉಸಿರುಗಟ್ಟುತ್ತದೆ, ಫ್ಯಾನಿನ ಜೊತೆಗೆ ಏಸಿ ಬರುತ್ತದೆ. ವಸ್ತು ಯಾವುದೆಂದು ಯೋಚಿಸುವ ಮುನ್ನ ಹೇಗೆ ತೆರೆಯುತ್ತದೆಂದು ತೀರ್ಮಾನಿಸುವುದು ಒಳ್ಳೆಯದು. ಯುಪಿವಿಸಿಯಲ್ಲೂ ಅಲ್ಯೂಮಿನಿಯಂನಲ್ಲೂ ಕೀಲಿನ ಕದ ಸಿಗುತ್ತದೆ, ಕೇಳಬೇಕಷ್ಟೆ.

ಅದಾದ ಮೇಲೆ ಊರು ನೋಡಿ ವಸ್ತು. ಕಡಲ ಬದಿಯಲ್ಲಿ ಉಕ್ಕು ಬೇಡ. ಯುಪಿವಿಸಿ, ಇಲ್ಲವೇ 25 ಮೈಕ್ರಾನ್ ಆನೊಡೈಸ್ ಲೇಪದ ಅಲ್ಯೂಮಿನಿಯಂ ಬಾಳುತ್ತದೆ. ಬಸ್ಸು ಲಾರಿಗಳ ಹೆದ್ದಾರಿ ಪಕ್ಕದ ಮಲಗುವ ಕೋಣೆಗೆ ಬಿಗಿಯಾಗಿ ಮುಚ್ಚುವ ಯುಪಿವಿಸಿ ನಿಜಕ್ಕೂ ಉಪಕಾರಿ. ಅಲ್ಲಿ ಜರ್ಮನ್ ವಿದ್ಯೆ ನಮಗೂ ಒದಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹಗಲು ಮುಚ್ಚಿ ರಾತ್ರಿ ತೆರೆಯುವ ಮನೆಗೆ ಮರದ ಕದವೇ ಹಿತ, ಅದು ಬಿಸಿಲನ್ನು ಹೊರಗೇ ನಿಲ್ಲಿಸುತ್ತದೆ. ಮಲೆನಾಡಿನ ಮಳೆಯಲ್ಲಿ ಒಣಗದ ಮರ ಉಬ್ಬಿ ಕದ ಹಿಡಿದುಕೊಳ್ಳುತ್ತದೆ. ಚೆನ್ನಾಗಿ ಹದವಾದ ಮರ ಸಿಗುವುದಾದರೆ ಮಾತ್ರ ಅದರ ಗೋಜು. ಎಲ್ಲ ಕಿಟಕಿಗೂ ಗ್ರಿಲ್ ಬೆಸೆದುಬಿಡುವ ನಮ್ಮ ಚಾಳಿಯ ಬಗ್ಗೆ ಒಂದು ಮಾತು: ಬೆಂಕಿ ಬಿದ್ದಾಗ ಬಾಗಿಲ ದಾರಿ ಮುಚ್ಚಿದರೆ ಆ ಗ್ರಿಲ್ಲೇ ಪಂಜರ. ಮಹಡಿಗೊಂದಾದರೂ ಒಳಗಿನಿಂದ ತೆರೆಯುವ ಗ್ರಿಲ್ ಇಡಿಸಿ, ಅದರ ಕೀಲಿ ಎಲ್ಲಿದೆಯೆಂದು ಮನೆಯ ಮಕ್ಕಳಿಗೂ ತಿಳಿದಿರಲಿ.

ಹಣ ಕಡಿಮೆಯಿದ್ದವರಿಗೂ ದಾರಿಯಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ತಿರುವನಂತಪುರದಲ್ಲಿ ಬಾಳಿ 2007ರಲ್ಲಿ ತೀರಿಕೊಂಡ ಲಾರಿ ಬೇಕರ್ ಅಡುಗೆಮನೆ, ಮೆಟ್ಟಿಲಿನಂಥ ಕಡೆ ಕಿಟಕಿಯ ಬದಲು ಇಟ್ಟಿಗೆಯ ಜಾಲಿ ಇಟ್ಟರು. ಐಹೊಳೆಯ ಜಾಲಂಧ್ರದ ಬಡ ಬಂಧು ಅದು. ಅವರ ಅತಿ ಸರಳ ಕಿಟಕಿಗೆ ಚೌಕಟ್ಟೂ ಇಲ್ಲ, ಕೀಲೂ ಇಲ್ಲ. ಮೇಲೊಂದು ಕೆಳಗೊಂದು ಕುಳಿ, ಅದರಲ್ಲಿ ತಿರುಗುವ ಒಂದೇ ಹಲಗೆ. ಇನ್ನೊಂದು ದಾರಿ ಹಳೆಯ ಮರ. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಹಳೆಯ ಮನೆ ಕೆಡವಿದಾಗ ಇಳಿಸಿದ ತೇಗದ ಚೌಕಟ್ಟುಗಳು ಹಳೆ ಮರದ ಅಂಗಡಿಗಳಿಗೆ ಬರುತ್ತವೆ. ಮೇಲೆ ಹತ್ತಾರು ಪದರ ಬಣ್ಣ, ಅಲ್ಲಲ್ಲಿ ಮೊಳೆಯ ತೂತು. ಮೊಳೆ ಕಿತ್ತು ಒಮ್ಮೆ ಕೀಸುಳಿ ಆಡಿಸಿದರೆ ಒಳಗೆ ಹೊಸತರಂಥ ಮರ. ಕೊಳ್ಳುವ ಮುನ್ನ ಮೂಲೆಯ ಬೆಸುಗೆಗಳನ್ನೂ, ಗೋಡೆಯೊಳಗೆ ಹುದುಗಿದ್ದ ಬದಿಯನ್ನೂ ತಿರುಗಿಸಿ ನೋಡಬೇಕು. ಗೆದ್ದಲು ಮೊದಲು ಹಿಡಿಯುವುದು ಅಲ್ಲೇ.